ಸೂತಕದ ಬಸಿರು

ಜವಾನ ಅಧಿಕಾರಿಯ ಟೋಪಿ ತೆಗೆಯುವಾಗ ಕೂದಲಿಗೆ ಸಿಕ್ಕಿಸಿದ್ದ ಕಡ್ಡಿಯೂ ಕಿತ್ತುಬಂತು. ಗೆಂಗ್ ಹುಯಿಯ ಜುಟ್ಟು ಬಿಚ್ಚಿ ಮುಖದ ಮೇಲೆ ಬಿತ್ತು. ಕಚೇರಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೊಂಟಪಟ್ಟಿ ಬಿಚ್ಚುವಾಗ ಅವನೇ ಎರಡೂ ಕೈ ಮೇಲೆತ್ತಿ ನಿಂತ, ದರ್ಜಿಗೆ ಅಳತೆ ಕೊಡುವವನ ಹಾಗೆ. ಕೊನೆಗೆ ಅವನ ನೇಮಕದ ಪತ್ರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಕತ್ತರಿಯಿಂದ ಅಡ್ಡಕ್ಕೆ ಕತ್ತರಿಸಿದರು. ಅಲ್ಲಿಗೆ ಷಿಹೆ ತಾಲೂಕಿಗೆ ಕಂದಾಯದ ಅಧಿಕಾರಿ ಇರಲಿಲ್ಲ. ವಿನೆಗರ್ ಅಂಗಡಿಯವನ ಅಳಿಯ ಒಬ್ಬ ಇದ್ದ.

ಅವನ ತಪ್ಪು ದೊಡ್ಡದೇನೂ ಅಲ್ಲ. ಲಂಚ ತಿಂದಿರಲಿಲ್ಲ, ಯಾರನ್ನೂ ಹೊಡೆದು ಕೊಂದಿರಲಿಲ್ಲ. ಅವನ ತಂದೆ ಸತ್ತಿದ್ದ. ತಂದೆಯೋ ತಾಯಿಯೋ ಸತ್ತರೆ ಮಗ ಹುದ್ದೆ ಬಿಟ್ಟು ಮನೆಗೆ ಹೋಗಬೇಕು, ಇಪ್ಪತ್ತೇಳು ತಿಂಗಳು ನಾರುಬಟ್ಟೆ ಉಡಬೇಕು, ಮಾಂಸ ಮದ್ಯ ಮುಟ್ಟಬಾರದು, ಹೆಂಡತಿಯ ಜೊತೆ ಮಲಗಬಾರದು. ಆ ಅವಧಿಯಲ್ಲಿ ಮಗು ಹುಟ್ಟಿದರೆ ತಪ್ಪಲ್ಲ. ಬಸಿರು ನಿಂತರೆ ತಪ್ಪು. ಗೆಂಗ್ ಸೂತಕ ಮುಗಿಸಿ ಹುದ್ದೆಗೆ ಮರಳಿದ ಕೆಲವೇ ತಿಂಗಳಲ್ಲಿ ಅವನ ಹೆಂಡತಿ ದುಂಡುದುಂಡಗಿನ ಗಂಡುಮಗುವನ್ನು ಹೆತ್ತಳು. ಮಗು ಸ್ವಲ್ಪ ಬಡಕಲಾಗಿದ್ದಿದ್ದರೆ ದಿನ ತುಂಬದ್ದು ಎನ್ನಬಹುದಿತ್ತು. ಯಾರೋ ದೂರು ಕೊಟ್ಟರು. ಸಜಾ ಒಂದು ವರ್ಷ. ಅಧಿಕಾರಿಯಾದವನು ಸೆರೆಮನೆಯ ಕೂಲಿ ಮಾಡಬೇಕಿಲ್ಲ, ತನ್ನ ಹುದ್ದೆಯನ್ನೇ ಒಪ್ಪಿಸಿ ತೀರಿಸಬಹುದು. ಗೆಂಗ್ ತೀರಿಸಿದ.

ಆದೇಶ ಓದಿದವನು ಫೂ ಸಿಜಿಂಗ್, ತಾಲೂಕಿನ ಮುಖ್ಯಾಧಿಕಾರಿ. ಹೊಸದಾಗಿ ಬಂದಿದ್ದ. ಗೆಂಗ್‌ನ ಮೇಲೆ ಕರುಣೆ ತೋರಿಸಬಹುದೇ ಎಂದು ಮೇಲಿನವರು ಕೇಳಿದಾಗ, ಬೇಡ ಎಂದು ಬರೆದವನೂ ಅವನೇ.

"ಹೆಂಡ್ತಿ ಹಾಸಿಗೆ ಬಿಟ್ಟಿರೋಕೆ ಆಗ್ಲಿಲ್ವೇನಪ್ಪಾ?" ಎಂದ ಉಪಾಧಿಕಾರಿ ದುವಾನ್, ಗೆಂಗ್ ಮುಂದೆ ಹಾದುಹೋಗುವಾಗ. ದುವಾನ್ ದಪ್ಪ ಮನುಷ್ಯ, ಉಪ್ಪಿನಲ್ಲಿ ಹಾಕಿದ ಮೂಲಂಗಿಯನ್ನು ಸದಾ ಬಾಯಲ್ಲಿಟ್ಟುಕೊಂಡಿರುತ್ತಿದ್ದ.

"ಚಳಿ ಇತ್ತು ಸ್ವಾಮಿ," ಎಂದ ಗೆಂಗ್. ಈ ಸಲ ಎಲ್ಲರೂ ನಕ್ಕರು. ಗೆಂಗ್ ಕೂಡ.

ಫೂ ಮಾತ್ರ ನಗಲಿಲ್ಲ. "ಮೂರ್ಖ," ಎಂದ, ಗೆಂಗ್ ಹೋದ ಮೇಲೆ. "ಹೊರಗೆ ಬೀಳೋಕೆ ಮುಂಚೆ ತಾನೇ ಬಂದು ಒಪ್ಕೊಂಡಿದ್ರೆ ಮಾಫಿ ಆಗ್ತಿತ್ತು. ತಾನೇ ಬರಬೇಕು ಅಂತಾನೂ ಇಲ್ಲ. ಹೆಂಡ್ತೀನ ಕಳಿಸಿದ್ರೂ ಸಾಕಿತ್ತು, ಗಂಡನೇ ಬಂದ ಲೆಕ್ಕ."

ಕಚೇರಿಯ ಹಿಂಗೋಡೆಯ ಮರದ ಜಾಲರಿಯಾಚೆ ಅಧಿಕಾರಿಯ ಮನೆ. ಅಲ್ಲಿ ನಿಂತು ಫೂವಿನ ಹೆಂಡತಿ ಯಿನ್ ಈ ಮಾತನ್ನು ಕೇಳಿಸಿಕೊಂಡಳು. ಹೊಟ್ಟೆಯೊಳಗೆ ಮಗು ಒದೆಯಿತು. ಬಸಿರಿಗೆ ಏಳು ತಿಂಗಳು ತುಂಬಿ ಎಂಟು ನಡೆಯುತ್ತಿತ್ತು. ಫೂ ತನ್ನ ತಾಯಿಯ ಸೂತಕ ಮುಗಿಸಿ ನಾರುಬಟ್ಟೆ ಕಳಚಿ ಮೂರು ತಿಂಗಳು ಆಗಿತ್ತಷ್ಟೆ.

*

ಫೂವಿನ ಸೂತಕ ಸಾಧಾರಣದ್ದಲ್ಲ. ಬೇರೆಯವರು ಮನೆಯಲ್ಲೇ ಕೂತು ಅಳುತ್ತಾರೆ. ಅವನು ತಾಯಿಯ ಗೋರಿಯ ಪಕ್ಕದಲ್ಲಿ ಹುಲ್ಲಿನ ಗುಡಿಸಲು ಹಾಕಿಕೊಂಡು, ಮಣ್ಣಿನ ಹೆಂಟೆಯನ್ನು ತಲೆದಿಂಬು ಮಾಡಿಕೊಂಡು ಮಲಗಿದ. ಉಪ್ಪು ಬಿಟ್ಟ. ಎದೆಯ ಎಲುಬು ಎಣಿಸುವಂತಾದ. ಸುದ್ದಿ ಹಬ್ಬಿ ಪ್ರಾಂತಾಧಿಕಾರಿಯೇ ನೋಡಲು ಬಂದ. ಊರಬಾಗಿಲಲ್ಲಿ ಅವನ ಮಾತೃಭಕ್ತಿಯನ್ನು ಹೊಗಳಿ ಕಲ್ಲು ನೆಟ್ಟರು. ಸೂತಕ ಮುಗಿದ ತಕ್ಷಣ ಷಿಹೆಯ ಹುದ್ದೆ ಸಿಕ್ಕಿದ್ದು ಆ ಕಲ್ಲಿನ ದೆಸೆಯಿಂದ. ಬೇರೆಯವರು ವರ್ಷಗಟ್ಟಲೆ ರಾಜಧಾನಿಯ ಛತ್ರಗಳಲ್ಲಿ ಕಾದು ಕೂರುತ್ತಾರೆ.

ಯಿನ್ ದಿನಾ ಬೆಟ್ಟ ಹತ್ತಿ ನವಣೆ ಗಂಜಿ ಒಯ್ಯುತ್ತಿದ್ದಳು. ಒಂದು ದಿನ ಅವಳು ಗುಡಿಸಲು ಸೇರುವಷ್ಟರಲ್ಲಿ ಹಿಮ ಬಿದ್ದು ದಾರಿ ಮುಚ್ಚಿತು. ಗಂಜಿ ಹೆಪ್ಪುಗಟ್ಟಿತ್ತು. ಅವನಿಗೆ ಜ್ವರ, ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ತನ್ನ ಮೇಲಂಗಿ ಬಿಚ್ಚಿ ಇಬ್ಬರಿಗೂ ಹೊದಿಸಿದಳು. ಉಳಿದದ್ದಕ್ಕೆ ಯಾರೂ ಯೋಚನೆ ಮಾಡಲಿಲ್ಲ. ಮುಗಿದ ಮೇಲೆ ಅವನು ಗೋರಿಯ ಕಡೆ ತಿರುಗಿ ಹಣೆ ಒಡೆಯುವ ಹಾಗೆ ನೆಲಕ್ಕೆ ಬಡಿದುಕೊಂಡ. ಆ ಗಾಯವನ್ನು ನೋಡಿ ಊರಿನವರು ಇನ್ನಷ್ಟು ಹೊಗಳಿದರು.

ಅವಳಿಗೆ ಆಗ ಮೂವತ್ತಾರು. ಹೆತ್ತ ಇಬ್ಬರೂ ಸಿಡುಬಿಗೆ ಹೋಗಿದ್ದರು. ಇನ್ನು ಆಗುವುದಿಲ್ಲ ಎಂದು ಅತ್ತೆ ಸಾಯುವವರೆಗೂ ಹಂಗಿಸಿದ್ದಳು.

ಷಿಹೆಗೆ ಅವಳು ಮುಚ್ಚಿದ ಗಾಡಿಯಲ್ಲಿ ಬಂದಳು. ಬಂದಾಗಿನಿಂದ ಒಳಮನೆ ಬಿಟ್ಟು ಹೊರಬಂದಿರಲಿಲ್ಲ. ಅಮ್ಮನವರಿಗೆ ಮೈಯೆಲ್ಲ ನೀರು ತುಂಬುವ ರೋಗ ಎಂದು ಮನೆಯ ಮುದಿ ಸೇವಕಿ ಲುವೊ ಅಜ್ಜಿ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಅದನ್ನು ಹೇಳಿಕೊಟ್ಟವನು ಫೂ.

ಇನ್ನೊಂದನ್ನೂ ಅವನೇ ನಿಶ್ಚಯಿಸಿದ್ದ. ಊರಾಚೆ ಒಂದು ಹೊಲದ ಮನೆ ಗೊತ್ತುಮಾಡಿದ್ದ. ದಿನ ಹತ್ತಿರವಾದಾಗ ಯಿನ್ ಅಲ್ಲಿಗೆ ಹೋಗಬೇಕು. ಲುವೊ ಅಜ್ಜಿ ಹೆರಿಗೆ ಮಾಡಿಸಬೇಕು. ಆಮೇಲೆ ಯಿನ್ ಒಬ್ಬಳೇ, ರೋಗ ವಾಸಿಯಾಗಿ ವಾಪಸು ಬರಬೇಕು.

"ನೀವು ಆ ಕಡೆ ಮುಖ ಮಾಡ್ಕೊಳಿ, ಅಷ್ಟೆ," ಎಂದಳು ಅಜ್ಜಿ, ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾ. "ತಣ್ಣೀರಾದ್ರೆ ಕೂಗ್ತವೆ. ನಾನು ಬಾನೀಲಿ ಬೆಚ್ಚಗಿನ ನೀರೇ ಇಟ್ಟಿರ್ತೀನಿ ತಾಯಿ. ಒಂದು ಸದ್ದೂ ಕೇಳಿಸಲ್ಲ."

"ಎಷ್ಟು ಮಾಡಿದೀಯಾ ಹೀಗೆ?"

"ಬರಗಾಲದಲ್ಲಿ ಯಾರು ಲೆಕ್ಕ ಇಡ್ತಾರೆ? ಕಾಲು ಸಡಿಲ ಬಿಡಿ, ಗಟ್ಟಿ ಹಿಡ್ಕೊಂಡಿದೀರಾ."

*

ಹುದ್ದೆ ಹೋದ ಮೇಲೆ ಗೆಂಗ್ ಸರ್ಕಾರಿ ಮನೆ ಖಾಲಿ ಮಾಡಬೇಕಿತ್ತು. ಬೀಗದ ಕೈಯನ್ನು ಒಪ್ಪಿಸಲು ಅವನ ಹೆಂಡತಿ ಶಾವೊ ಬಂದಳು. ಕಚೇರಿಯಲ್ಲಿ ಕೊಟ್ಟಿದ್ದರೆ ಆಗುತ್ತಿತ್ತು. ಅವಳು ನೇರ ಒಳಮನೆಗೆ ನುಗ್ಗಿದಳು. ಬೆನ್ನ ಮೇಲೆ ಮಗು ಕಟ್ಟಿಕೊಂಡಿದ್ದಳು, ಅದು ಅವಳ ಕಿವಿ ಚೀಪುತ್ತಿತ್ತು.

"ಈ ಬೀಗದ ಕೈ ತಗೊಳಿ ಅಮ್ಮನವರೇ. ಒಲೆ ಹೊಗೆ ಕಾರುತ್ತೆ, ಮುಂದೆ ಬರೋರಿಗೆ ಹೇಳಿ. ನಿಮ್ಮನೆಯವರ ಕೈಬರಹ ಚೆನ್ನಾಗಿದೆ ಅಂತ ಕೇಳ್ದೆ. ಕರುಣೆ ಬೇಡ ಅಂತ ಬರೆದಿದ್ರಂತೆ, ಗುಂಡಗಿತ್ತಂತೆ ಅಕ್ಷರ."

ಯಿನ್ ಎದ್ದು ನಿಂತು ಬೀಗದ ಕೈ ತೆಗೆದುಕೊಂಡಳು. ಎದ್ದದ್ದೇ ತಪ್ಪಾಯಿತು. ಕೈ ಹಿಂದಕ್ಕೆ ಊರಿ, ಕಾಲು ಅಗಲಿಸಿ ಎದ್ದಿದ್ದಳು.

ಶಾವೊ ಅಂಗಿಯ ಕಡೆ ನೋಡಿದಳು, ಆಮೇಲೆ ಮುಖ ನೋಡಿದಳು.

"ನೀರು ತುಂಬಿದೆ ಅಂದ್ರು," ಎಂದಳು ನಿಧಾನವಾಗಿ.

"ಹೌದು."

"ಒದೆಯೋ ನೀರು." ಶಾವೊ ನಕ್ಕಳು. ಕೇಳಲು ಒಳ್ಳೆಯ ನಗುವಲ್ಲ. "ದಪ್ಪ ಅಂಗಿ ಹೊಟ್ಟೆ ಮುಚ್ಚತ್ತಮ್ಮ, ಏಳೋದು ಕೂರೋದು ಮುಚ್ಚಲ್ಲ. ಹಾಗಾದ್ರೆ ಗುಡಿಸಲಲ್ಲಿ! ಅತ್ತೆ ಪಕ್ಕದಲ್ಲೇ! ನಮ್ಮವರು ಪಾಪ ಮನೇಲಾದ್ರೂ ಇದ್ರು."

ಯಿನ್ ಬಾಗಿಲ ಕಡೆ ಒಮ್ಮೆ ನೋಡಿದಳು. "ಹೇಳ್ತೀಯಾ?"

"ಗೊತ್ತಿಲ್ಲ. ಹೇಳಲ್ಲ ಅಂತ ಮಾತ್ರ ಅಂದ್ಕೋಬೇಡಿ. ಬೆಳಗ್ಗೆಯಿಂದ ಅಂಗಡಿಗೆ ಬಂದವರೆಲ್ಲ 'ಒಂದು ಸೇರು ವಿನೆಗರ್ ಕೊಡಿ ಸಾಹೇಬ್ರೇ' ಅಂತ ಅವರನ್ನ ಆಡಿಸ್ತಿದಾರೆ. ಇನ್ನು ನಾಲ್ಕು ದಿನ ಹೀಗೇ ಆಡಿಸಿದ್ರೆ ನನ್ನ ಬಾಯಿ ನನ್ನ ಹತ್ರ ಇರಲ್ಲ." ಬಾಗಿಲವರೆಗೆ ಹೋಗಿ ತಿರುಗಿದಳು. "ಮಗೂನ ಏನು ಮಾಡ್ತೀರಿ?"

ಯಿನ್ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದಳು. ಮೂಲೆಯಲ್ಲಿ ಲುವೊ ಅಜ್ಜಿ ತಲೆ ತಗ್ಗಿಸಿ ಸೊಪ್ಪು ಬಿಡಿಸುತ್ತಿದ್ದಳು. ಶಾವೊ ಅವಳನ್ನೂ ನೋಡಿದಳು. ಬೆನ್ನಿನ ಮಗುವಿನ ಕಾಲನ್ನು ಹಿಂದಕ್ಕೆ ಕೈ ಹಾಕಿ ಹಿಡಿದುಕೊಂಡು ಹೊರಟುಹೋದಳು.

*

"ಇವತ್ತೇ ಹೋಗಿ ಒಪ್ಕೊಂಡುಬಿಡಿ," ಎಂದಳು ಯಿನ್, ಫೂ ಊಟಕ್ಕೆ ಬಂದಾಗ. "ಅವಳು ನೋಡಿದಾಳೆ. ಅವಳು ಬಾಯಿ ಬಿಡೋಕೆ ಮುಂಚೆ ಹೇಳಿದ್ರೆ ಮಾಫಿ. ನೀವೇ ಅಂದ್ರಲ್ಲ, ನಾನು ಕೇಳಿಸ್ಕೊಂಡೆ."

ಫೂ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟ. "ಶಿಕ್ಷೆ ಮಾಫಿ ಆಗತ್ತೆ. ಮಾತು ಮಾಫಿ ಆಗತ್ತಾ? ಗೆಂಗ್‌ನ ಪತ್ರ ಕತ್ತರಿಸಿದ ಕತ್ತರಿ ಇನ್ನೂ ಮೇಜಿನ ಮೇಲೇ ಇದೆ. ಅದೇ ಮೇಜಿನ ಮುಂದೆ ಹೋಗಿ, ನಾನೂ ಅವನ ಥರಾನೇ, ಅದೂ ಅಮ್ಮನ ಗೋರಿ ಪಕ್ಕದಲ್ಲಿ ಅಂತ ಹೇಳಬೇಕಾ?"

"ಹೇಳಿದ್ರೆ ಮಗು ಉಳಿಯತ್ತೆ."

"ಊರಲ್ಲಿ ನೆಟ್ಟ ಕಲ್ಲು ಕಿತ್ತು ಹಾಕ್ತಾರೆ. ಅಮ್ಮನ ಹೆಸರು ಇದೆ ಅದರ ಮೇಲೆ."

"ಅಮ್ಮ ಸತ್ತಿದಾರೆ ರೀ."

ಅವನು ಅವಳನ್ನು ಹೊಡೆಯಲಿಲ್ಲ. ಯಾವತ್ತೂ ಹೊಡೆದವನಲ್ಲ. ಬಟ್ಟಲನ್ನು ಮತ್ತೆ ಎತ್ತಿಕೊಂಡು, ಬೇಯಿಸಿದ ಹಿಟ್ಟಿನ ಎಳೆಗಳನ್ನು ವಿನೆಗರ್‌ನಲ್ಲಿ ಕಲಸಿದ. ಗೆಂಗ್‌ನ ಮಾವನ ಅಂಗಡಿಯದೇ ವಿನೆಗರ್, ಊರಲ್ಲಿ ಬೇರೆ ಅಂಗಡಿ ಇಲ್ಲ.

"ನಾಳೆ ಗಾಡಿ ಬರತ್ತೆ," ಎಂದ. "ಹೊಲದ ಮನೆಗೆ ಹೋಗಿಬಿಡು. ಮಗೂನೇ ಇಲ್ಲ ಅಂದ್ರೆ ಆ ಹೆಂಗಸು ಏನು ಬೇಕಾದ್ರೂ ಬೊಗಳ್ಲಿ. ಇನ್ನೂ ಮಕ್ಕಳಾಗತ್ವೆ."

"ಯಾರಿಗೆ?"

ಅವನು ಬಟ್ಟಲಿಗೆ ಇನ್ನಷ್ಟು ವಿನೆಗರ್ ಸುರಿದುಕೊಂಡ. ಉತ್ತರ ಬೇಕಾಗಿರಲಿಲ್ಲ. ಸೂತಕ ಕಳೆದ ಅಧಿಕಾರಿಗೆ ಹದಿನೆಂಟರ ಉಪಪತ್ನಿಯೊಬ್ಬಳನ್ನು ತರುವುದು ಕಷ್ಟದ ಕೆಲಸವಲ್ಲ.

*

ಬೆಳಗ್ಗೆ ಗಾಡಿ ಬಂದು ಹಿಂಬಾಗಿಲಲ್ಲಿ ನಿಂತಿತು. ಲುವೊ ಅಜ್ಜಿ ಗಂಟುಗಳನ್ನು ಒಂದೊಂದಾಗಿ ಒಯ್ದು ಗಾಡಿಯಲ್ಲಿ ಇಟ್ಟಳು. ಹೊಸ ಮರದ ಬಾನಿಯೊಂದನ್ನೂ ಇಟ್ಟಳು. ಅಜ್ಜಿ ಮತ್ತೆ ಒಳಕ್ಕೆ ಬರುವಷ್ಟರಲ್ಲಿ ಯಿನ್ ಪಕ್ಕದ ಓಣಿಯಿಂದ ಹೊರಟು, ಕಚೇರಿಯ ಗೋಡೆಯನ್ನು ಸುತ್ತುಹಾಕಿ ಮುಂಬಾಗಿಲಿಗೆ ಬಂದಿದ್ದಳು. ಒಳಗಿನಿಂದ ಜಾಲರಿ ಬಾಗಿಲು ತೆರೆದರೆ ಅವಳು ಅಧಿಕಾರಿಯ ಹೆಂಡತಿ. ಮುಂಬಾಗಿಲಿನಿಂದ ಬಂದರೆ ಅಹವಾಲಿನವಳು. ಅವಳಿಗೆ ಅಹವಾಲಿನವಳೇ ಆಗಬೇಕಿತ್ತು. ದಪ್ಪ ಅಂಗಿಯನ್ನು ಓಣಿಯಲ್ಲೇ ಬಿಚ್ಚಿ ಎಸೆದಿದ್ದಳು.

ದುವಾನ್ ಕೂತು ಅಹವಾಲು ಕೇಳುತ್ತಿದ್ದ. ಇಬ್ಬರು ಒಂದು ಹಂದಿಗಾಗಿ ಜಗಳ ಮಾಡುತ್ತಿದ್ದರು.

"ನಿಂದಾದ್ರೆ ನೀನು ಕರೆದಾಗ ಬರ್ಬೇಕಿತ್ತು!"

"ಹಂದಿ ಕರೆದ್ರೆ ಬರತ್ತೇನೋ? ನಿಮ್ಮಪ್ಪನಾ ಅದು?"

ಯಿನ್ ಅವರಿಬ್ಬರ ನಡುವೆ ಹಾದು ಮುಂದೆ ಹೋಗಿ ಮೊಣಕಾಲೂರಿದಳು. ಹೊಟ್ಟೆ ಅಡ್ಡವಾಗಿ ಸುಲಭಕ್ಕೆ ಬಗ್ಗಲು ಆಗಲಿಲ್ಲ. ಹಂದಿಯವರು ಜಗಳ ಬಿಟ್ಟು ಪಕ್ಕಕ್ಕೆ ಸರಿದರು.

"ನಾನು ಫೂ ಸಿಜಿಂಗ್ ಅವರ ಹೆಂಡತಿ," ಎಂದಳು. "ಅವರ ತಾಯಿಯ ಸೂತಕದಲ್ಲಿ ಈ ಬಸಿರು ನಿಂತಿದೆ. ಇದು ಅವರದೇ. ಇನ್ನೂ ಯಾರೂ ದೂರು ಕೊಟ್ಟಿಲ್ಲ. ಅದಕ್ಕೆ ಮುಂಚೆ ಹೇಳೋಕೆ ಬಂದೆ."

ದುವಾನ್ ಬಾಯಲ್ಲಿದ್ದ ಮೂಲಂಗಿಯನ್ನು ನುಂಗಿದ. ಬರೆಯಲು ಕೂತಿದ್ದ ಗುಮಾಸ್ತನ ಕೈ ಹಿಡಿದು ತಡೆದ.

"ಅಮ್ಮ, ಒಂದು ನಿಮಿಷ. ಇದನ್ನ ಬರೆಯೋಕೆ ಮುಂಚೆ ಒಂದು ಮಾತು ಕೇಳ್ಬೇಕು. ನಿಮ್ಮನ್ನ ಅವರು ಕಳಿಸಿದ್ರಾ? ಅವರು ಕಳಿಸಿ ನೀವು ಬಂದಿದ್ರೆ ಇದು ಅವರ ತಪ್ಪೊಪ್ಪಿಗೆ. ಅವರಿಗೂ ಏನಿಲ್ಲ, ನಿಮಗೂ ಏನಿಲ್ಲ. ನೀವಾಗೇ ಬಂದಿದ್ರೆ ಇದು ದೂರು. ಆಗ್ಲೂ ಅವರಿಗೆ ಮಾಫಿನೇ, ಒಪ್ಕೊಂಡ ಲೆಕ್ಕ. ಆದ್ರೆ ಗಂಡನ ಮೇಲೆ ದೂರು ತಂದ ಹೆಂಡತಿಗೆ, ದೂರು ನಿಜಾನೇ ಆದ್ರೂ, ಎರಡು ವರ್ಷ ಸಜಾ. ಅದು ಮಹಾಪಾತಕದ ಪಟ್ಟೀಲಿದೆ, ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದು ಕೈದಿಗಳನ್ನೆಲ್ಲ ಬಿಟ್ರೂ ಇದಕ್ಕೆ ಬಿಡುಗಡೆ ಇಲ್ಲ. ಗೊತ್ತಿತ್ತಾ?"

ಅವಳಿಗೆ ಗೊತ್ತಿರಲಿಲ್ಲ. ಫೂ ಅಂದು ಜಾಲರಿಯ ಈಚೆ ಕೂತು ಹೇಳಿದ್ದು ಅರ್ಧ ಮಾತ್ರ. ಹಿಂದಕ್ಕೆ ಹೋಗೋಣವೆಂದರೆ ಹಿಂಬಾಗಿಲಲ್ಲಿ ಗಾಡಿ ನಿಂತಿತ್ತು, ಗಾಡಿಯಲ್ಲಿ ಬಾನಿ ಇತ್ತು.

ಕಳಿಸಿದರು ಎಂದು ತಾನೇ ಹೇಳಬಹುದಿತ್ತು. ಅವನು ಬಂದು ಇಲ್ಲವೆಂದರೆ ಸುಳ್ಳೂ ಸೇರಿಕೊಳ್ಳುತ್ತಿತ್ತು.

"ಅವರನ್ನೇ ಕೇಳಿ," ಎಂದಳು.

ಫೂ ಪಕ್ಕದ ಕೋಣೆಯಲ್ಲಿ ಧಾನ್ಯದ ತೆರಿಗೆಯ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದ. ಕರೆದರು. ಬಂದು ಬಾಗಿಲಲ್ಲೇ ನಿಂತ. ಹೆಂಡತಿ ನೆಲದ ಮೇಲಿದ್ದಳು, ತೆಳು ಅಂಗಿಯಲ್ಲಿ, ಇಡೀ ಕಚೇರಿಗೆ ಹೊಟ್ಟೆ ಕಾಣುವಂತೆ. ಬಾಗಿಲಾಚೆ ಬೀದಿಯ ಜನ ಸೇರುತ್ತಿದ್ದರು.

ದುವಾನ್ ಎದ್ದು ನಿಂತ. "ಸ್ವಾಮಿ, ಅಮ್ಮನವರು ನಿಮ್ಮ ಪರವಾಗಿ ತಪ್ಪೊಪ್ಪಿಗೆ ತಂದಿದಾರೆ. ಹಾಗೇ ಬರ್ಕೋತೀವಿ. ಕಳಿಸಿದ್ದು ನೀವೇ ತಾನೆ?"

ಕೇಳಿದ ರೀತಿಯಲ್ಲೇ ಉತ್ತರವೂ ಇತ್ತು. ಹೂಂ ಎಂದರೆ ಸಾಕು. ದುವಾನ್‌ಗೆ ಯಿನ್‌ಳ ಮೇಲೆ ಕನಿಕರವಿತ್ತೋ, ಮೇಲಧಿಕಾರಿ ತನ್ನ ಋಣದಲ್ಲಿರಲಿ ಎಂಬ ಆಸೆಯಿತ್ತೋ, ಎರಡೂ ಇರಬಹುದು.

ಫೂ ಬಾಗಿಲಾಚೆಯ ಜನರ ಕಡೆ ನೋಡಿದ.

"ಬೆಳಗ್ಗೆ ಕಳಿಸಿರಬೇಕು," ಎಂದ ದುವಾನ್ ಮತ್ತೆ. "ಕೆಲಸದ ಗಡಿಬಿಡೀಲಿ ಮರ್ತಿದೀರಿ."

ಯಿನ್ ತಲೆ ಎತ್ತಿ ಗಂಡನನ್ನು ನೋಡಿದಳು. ಅವನ ಹಣೆಯಲ್ಲಿ ಆ ಗಾಯದ ಕಲೆ ಇನ್ನೂ ಇತ್ತು. ಅವನು ಕಾನೂನು ಬಲ್ಲವನು. ತನ್ನ ಕುರ್ಚಿ ಎರಡೂ ದಾರಿಯಲ್ಲಿ ಉಳಿಯುತ್ತದೆಂದು ಅವನಿಗೆ ತಿಳಿದುಹೋಗಿತ್ತು. ಅದು ಅವನ ಮುಖದಲ್ಲಿ ಕಂಡಿತು, ಭುಜ ಒಂದಿಷ್ಟು ಕೆಳಗಿಳಿಯಿತು. ಇನ್ನು ಉಳಿದದ್ದು ಅವಳ ವಿಷಯ ಮಾತ್ರ. ಬಾಗಿಲಲ್ಲಿ ಜನರಿದ್ದರು, ಜನರ ನಡುವೆ ವಿನೆಗರ್ ಅಂಗಡಿಯ ಗೆಂಗ್ ಇದ್ದ, ಜುಟ್ಟನ್ನು ಚಿಂದಿಬಟ್ಟೆಯಲ್ಲಿ ಕಟ್ಟಿಕೊಂಡು.

"ನಾನು ಕಳಿಸಿಲ್ಲ," ಎಂದ ಫೂ. "ನನಗೆ ಹೇಳದೆ ಬಂದಿದಾಳೆ. ಕಚೇರೀಲಿ ನಿಂತು ಸುಳ್ಳು ಹೇಳಲಾರೆ."

ಏಳೆಂಟು ತಿಂಗಳಲ್ಲಿ ಅವನು ಈ ವಿಷಯದಲ್ಲಿ ಆಡಿದ ಮೊದಲ ನಿಜ ಅದು. ಕೆಲವರು ತಲೆದೂಗಿದರು ಕೂಡ. ಹೆಂಡತಿ ಬೀದಿಗೆ ಎಳೆದರೂ ನೇರ ನಿಂತ ಮನುಷ್ಯ ಎಂದು ಆಮೇಲೆ ಚಹಾ ಕುಡಿಯುವಲ್ಲಿ ಮಾತಾಡಿಕೊಂಡರು.

ದುವಾನ್ ಗುಮಾಸ್ತನ ಕೈ ಬಿಟ್ಟ. ಗುಮಾಸ್ತ ಬರೆದ.

"ಸಜಾ ಈಗಲೇ ಇಲ್ಲ," ಎಂದ ದುವಾನ್. "ಹೆರಿಗೆ ಆಗಿ ನೂರು ದಿನ ಕಳೆಯಬೇಕು. ಅಲ್ಲೀವರೆಗೆ ಮಗು ಕಚೇರಿ ಜವಾಬ್ದಾರಿ. ಅದಕ್ಕೇನಾದ್ರೂ ಆದ್ರೆ ವಿಚಾರಣೆ ಆಗತ್ತೆ." ಇದನ್ನು ಹೇಳುವಾಗ ಅವನು ಫೂವಿನ ಕಡೆ ನೋಡಲಿಲ್ಲ. "ಇವರನ್ನ ಯಾರು ಇಟ್ಕೋತೀರಾ? ಜಾಮೀನು ಬೇಕು."

ಫೂ ಕೋಣೆಗೆ ಮರಳಿ ಹೋಗಿಬಿಟ್ಟಿದ್ದ.

"ನಾನಿಟ್ಕೋತೀನಿ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಶಾವೊ. "ಏನ್ರೀ ಹಾಗೆ ನೋಡ್ತೀರಾ? ದೇವತೆ ಅಲ್ಲ ನಾನು. ದೊಡ್ಡ ಸಾಹೇಬ್ರ ಮಗು ವಿನೆಗರ್ ಅಂಗಡೀಲಿ ಹುಟ್ಟಬೇಕು, ಅವರು ದಿನಾ ಆ ಬೀದೀಲಿ ಓಡಾಡಬೇಕು. ಅಷ್ಟೆ."

*

ಯಿನ್ ಹೆತ್ತದ್ದು ಹೆಣ್ಣನ್ನು, ವಿನೆಗರ್ ಪಿಪಾಯಿಗಳ ಹಿಂದಿನ ಕೋಣೆಯಲ್ಲಿ. ಹೆರಿಗೆ ಮಾಡಿಸಿದವಳು ಲುವೊ ಅಜ್ಜಿಯೇ. ಊರಲ್ಲಿ ಅವಳಷ್ಟು ಕೈ ಪಳಗಿದವರು ಇರಲಿಲ್ಲ. ಅದೇ ಹೊಸ ಬಾನಿಯನ್ನು ತಂದಿದ್ದಳು. ಅಜ್ಜಿ ಮಗುವನ್ನು ಅದರಲ್ಲಿ ತೊಳೆಯುವಷ್ಟು ಹೊತ್ತೂ ಶಾವೊ ಸೌದೆ ಸೀಳುವ ಕೊಡಲಿಯನ್ನು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಅದನ್ನ ಕೆಳಗಿಡೇ," ಎಂದಳು ಅಜ್ಜಿ. "ಇದಕ್ಕೆ ಯಾರೂ ಹೇಳಿಲ್ಲ ನನಗೆ. ಹೇಳದೆ ನಾನ್ಯಾಕೆ ಮಾಡ್ಲಿ?"

ಫೂ ವಿಚ್ಛೇದನದ ಪತ್ರ ಕಳಿಸಿದ. ಮಗು ಗಂಡೋ ಹೆಣ್ಣೋ ಎಂದು ಪತ್ರ ತಂದ ಜವಾನ ತಾನಾಗಿ ಕೇಳಿ ತಿಳಿದುಕೊಂಡು ಹೋದ. ಮತ್ತೆ ಯಾರೂ ಬರಲಿಲ್ಲ. ಅವನ ಊರಿನ ಕಲ್ಲನ್ನು ಕಿತ್ತರಂತೆ, ಈಗ ಅದರ ಮೇಲೆ ಬಟ್ಟೆ ಒಗೆಯುತ್ತಾರಂತೆ. ಹುದ್ದೆ ಉಳಿಯಿತು. ಕಂದಾಯಕ್ಕೆ ಹೊಸ ಅಧಿಕಾರಿ ಬಂದ, ಹೊಗೆ ಕಾರುವ ಒಲೆಯ ಮನೆಯಲ್ಲಿ ಸೇರಿಕೊಂಡ. ವರ್ಷ ಕಳೆದ ಮೇಲೆ ಒಂದು ಮೆಟ್ಟಿಲು ಕೆಳಗಿನ ಕೆಲಸ ಸಿಗಬಹುದೆಂದು ಗೆಂಗ್ ಕಾಯುತ್ತಿದ್ದ. ಅಲ್ಲಿಯವರೆಗೆ ಪಿಪಾಯಿ ಉರುಳಿಸುತ್ತಿದ್ದ. ಕಚೇರಿಗೆ ವಿನೆಗರ್ ಕೊಂಡೊಯ್ಯುವವನೂ ಅವನೇ. ಫೂ ಎದುರಾದರೆ ಇಬ್ಬರೂ ಗೋಡೆ ನೋಡುತ್ತಿದ್ದರು.

ನೂರು ದಿನ ಕಳೆದ ಬೆಳಗ್ಗೆ ಇಬ್ಬರು ಜವಾನರು ಬಂದರು. ಪ್ರಾಂತದ ಊರಿನಲ್ಲಿ ಹೆಣ್ಣು ಕೈದಿಗಳು ಸರ್ಕಾರಿ ಧಾನ್ಯ ಕುಟ್ಟುತ್ತಾರೆ. ಅಲ್ಲಿಗೆ ಎರಡು ದಿನದ ದಾರಿ. ಯಿನ್ ಮಗುವಿಗೆ ಕೊನೆಯ ಸಲ ಮೊಲೆ ಕೊಟ್ಟು, ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಳು. ಕಟ್ಟಿದ ತಕ್ಷಣ ಬಟ್ಟೆ ಒದ್ದೆಯಾಯಿತು.

ಶಾವೊ ಮಗುವನ್ನು ಎತ್ತಿಕೊಂಡಳು. ಅವಳದು ಕೆಳಗೆ ಪಿಪಾಯಿ ಹಿಡಿದು ನಿಲ್ಲಲು ಕಲಿಯುತ್ತಿತ್ತು.

"ಇವಳು ನನ್ನವನಿಗಿಂತ ಜಾಸ್ತಿ ಕುಡೀತಾಳೆ," ಎಂದಳು. "ಎರಡು ವರ್ಷಕ್ಕೆ ನನ್ನನ್ನ ಒಣಗಿಸಿಬಿಡ್ತಾಳೆ. ಹೆಸರು ಏನು ಕರೀಲಿ? ಅಪ್ಪ ಇಡಬೇಕು. ಕಚೇರಿಗೆ ಹೋಗಿ ಕೇಳ್ಕೊಂಡು ಬರ್ಲಾ?"

"ಬೇಡ," ಎಂದಳು ಯಿನ್. "ಅವರನ್ನ ಏನೂ ಕೇಳಬೇಡ."

ಜವಾನರಲ್ಲಿ ಒಬ್ಬ, ಗೆಂಗ್‌ನ ಟೋಪಿ ತೆಗೆದವನೇ, ಮಳೆ ಬರುವ ಹಾಗಿದೆ, ಬೇಗ ಹೊರಡಿ ಎಂದ. ಅವಳು ಹೊರಟಳು. ಬೀದಿಯ ತಿರುವಿನವರೆಗೂ ಮಗುವಿನ ಅಳು ಕೇಳಿಸುತ್ತಿತ್ತು. ದೊಡ್ಡ ಗಂಟಲು.